ಆಶ್ವಾಸನವಾಕ್ಯ ವಿಚಾರ

ಜುಗೂಳದ ಕೃಷ್ಣಾತೀರದಲ್ಲಿ ನಿಂತವರಿಗೆ ಹೊಳೆಯ ಆಚೆಯ ದಡದಲ್ಲಿರುವ ಖಿದ್ರಾಪುರದ ಕೋಪೇಶ್ವರ ದೇವಾಲಯವು ಪರಿಚಿತವೇ ಆಗಿದೆ. ಶಿಲಾಹಾರರ ಕಾಲದ ಈ ಗುಡಿಯ ಗರ್ಭಗೃಹದಲ್ಲಿ ಲಿಂಗಗಳು ಎರಡು, ಎದುರಿಗೆ ನಂದಿಯಿಲ್ಲ. ಸತಿಯು ದಕ್ಷನ ಯಜ್ಞಕ್ಕೆ ನಂದಿಯನ್ನೇರಿ ಹೋದಳೆಂದೂ, ಆ ನಂದಿಯು ಚಿಕ್ಕೋಡಿ ಸೀಮೆಯ ಯಡೂರಿನಲ್ಲಿರುವುದೆಂದೂ ಐತಿಹ್ಯವುಂಟು. ತವರಿನಲ್ಲಿ ತಿರಸ್ಕೃತಳಾದ ಸತಿಯು ದೇಹತ್ಯಾಗ ಮಾಡಿದಳು. ತುಂಬಿದ ಯಜ್ಞಶಾಲೆಯಲ್ಲಿ ಅವಳನ್ನು ತಡೆದು ನಿಲ್ಲಿಸುವಂಥ ಮಾತು ಯಾರ ಬಾಯಿಂದಲೂ ಬರಲಿಲ್ಲ. ಬಳಿಕ ಕೋಪಶೋಕಗಳಿಂದ ಉರಿಯುತ್ತಿದ್ದ ಶಿವನನ್ನು ವಿಷ್ಣುವು ಇಲ್ಲಿಗೆ ಕರೆತಂದು, ತಾನೂ ಧೋಪೇಶ್ವರನೆಂಬ ಲಿಂಗವಾಗಿ ಮಗ್ಗುಲಲ್ಲಿ ನಿಂತನಂತೆ. ಅಳಿದವಳಿಗೆ ದೊರೆಯದ ಆಶ್ವಾಸನವು ಉಳಿದವನಿಗೆ ದೊರೆಯಿತು.

ಪ್ರಾಣತ್ಯಾಗಕ್ಕೆ ಉದ್ಯುಕ್ತನಾದವನೊಡನೆ ಹೇಗೆ ಮಾತನಾಡಬೇಕೆಂಬುದನ್ನು ಕುರಿತು ಈಚಿನ ಮನಶ್ಶಾಸ್ತ್ರಜ್ಞರು ಬಹಳವಾಗಿ ಆಲೋಚಿಸಿರುವರು. 1958ರಲ್ಲಿ ಅಮೆರಿಕೆಯ ಲಾಸ್ ಏಂಜಲೀಸ್ ನಗರದಲ್ಲಿ ಆತ್ಮಹತ್ಯಾನಿವಾರಣ ಕೇಂದ್ರವನ್ನು ಸ್ಥಾಪಿಸಿದವರಲ್ಲಿ ಒಬ್ಬನಾದ ಎಡ್ವಿನ್ ಶ್ನೈಡ್‌ಮನ್, ತಾಳಲಾರದ ಮನೋವೇದನೆಯೇ ಇದರ ಮೂಲವೆನ್ನುವನು. ಆ ವೇದನೆಯಲ್ಲಿ ಬುದ್ಧಿಯು ಸಂಕೋಚಗೊಂಡು ಬೇರೆ ದಾರಿಗಳು ಕಾಣದಂತಾಗುವುವು. ಆದರೂ ಸಾಯುವ ಇಚ್ಛೆಯ ಬದಿಯಲ್ಲಿಯೇ ಬದುಕುವ ಇಚ್ಛೆಯೂ ಇರುವುದು. 2005ರಲ್ಲಿ ಥಾಮಸ್ ಜಾಯ್ನರ್ ಎಂಬವನು, ‘ನಾನು ಯಾರಿಗೂ ಸೇರಿದವನಲ್ಲ’, ‘ನಾನು ಎಲ್ಲರಿಗೂ ಭಾರ’ ಎಂಬೆರಡು ಭಾವಗಳು ಕೂಡಿದಾಗ ಈ ಇಚ್ಛೆ ಬಲಿಯುವುದೆಂದು ಪ್ರತಿಪಾದಿಸಿದನು. ಈ ಮತಗಳನ್ನು ನಮ್ಮ ಕಾವ್ಯಗಳ ಎರಡು ಪ್ರಸಂಗಗಳಲ್ಲಿಟ್ಟು ಒರೆಹಚ್ಚಿ ನೋಡುವುದೇ ಈ ಲೇಖನದ ಉದ್ದೇಶ.

ಮೊದಲನೆಯದು ದುರ್ಯೋಧನನ ಪ್ರಾಯೋಪವೇಶ. ವ್ಯಾಸಭಾರತದ ವನಪರ್ವದಲ್ಲಿರುವ ಈ ಕಥೆಯನ್ನು ಕುಮಾರವ್ಯಾಸನೂ ಅರಣ್ಯಪರ್ವದಲ್ಲಿ ತಂದಿರುವನು. ಮೂಲದಲ್ಲಿ, ಗಂಧರ್ವರ ಸೆರೆಯಿಂದ ಪಾಂಡವರೇ ಬಿಡಿಸಿದರೆಂಬ ನಾಚಿಕೆಯನ್ನು ತಾಳಲಾರದೆ ದುರ್ಯೋಧನನು ರಾಜ್ಯವನ್ನು ದುಶ್ಶಾಸನನಿಗೊಪ್ಪಿಸಿ ಅನ್ನೋದಕಗಳನ್ನು ತೊರೆದು ಕುಳಿತುಕೊಳ್ಳುವನು. ದುಶ್ಶಾಸನನು ಕಾಲಿಗೆ ಬಿದ್ದು ಅಳುವನು. ಪಾಂಡವರು ನಿನ್ನ ರಾಜ್ಯದಲ್ಲಿ ವಾಸಿಸುವವರಾದುದರಿಂದ ನಿನ್ನನ್ನು ಬಿಡಿಸಿದ್ದು ಅವರ ಕರ್ತವ್ಯವೇ ಎಂದು ಕರ್ಣನು ತರ್ಕ ಹೂಡುವನು. ಶಕುನಿಯು ಗದರಿಸಿ, ಇದೆಲ್ಲ ಹುಡುಗಾಟವೆನ್ನುವನು. ಒಂದೂ ನಾಟುವುದಿಲ್ಲ. ಇವರು ಹೇಳಿದುದರಲ್ಲಿ ವಿವೇಕವಿಲ್ಲವೆಂದಲ್ಲ. ಪಾಂಡವರಿಗೆ ರಾಜ್ಯವನ್ನು ಹಿಂದಕ್ಕೆ ಕೊಡೆಂಬ ಶಕುನಿಯ ಮಾತು ಹಿತವಾದುದೇ. ಆದರೆ ನಾಚಿಕೆಯಿಂದ ಬೇಯುತ್ತಿರುವವನಿಗೆ ನಾಚಲು ಕಾರಣವೇ ಇಲ್ಲವೆಂದು ಸಾಧಿಸಿದರೆ, ಅವನ ನೋವನ್ನು ಸುಳ್ಳೆಂದಂತಾಗುವುದೇ ಹೊರತು ನೋವು ಆರುವುದಿಲ್ಲ.

ಕಡೆಗೆ ಅವನನ್ನು ಎಬ್ಬಿಸಿದವರು ದಾನವರು. ಕೃತ್ಯೆಯ ಮೂಲಕ ಪಾತಾಳಕ್ಕೆ ಕರೆಸಿಕೊಂಡು, ನೀನು ನಮ್ಮ ತಪಸ್ಸಿನಿಂದ ದೊರೆತವನು, ನಮಗೆ ನೀನೇ ಗತಿಯೆಂದು ಅವರು ಹೇಳುವರು. ಜಾಯ್ನರನ ಮಾತು ಇಲ್ಲಿ ಅಕ್ಷರಶಃ ಸರಿಹೋಗುವುದು: ‘ಸೇರಿದವನಲ್ಲ’ ಎಂಬವನಿಗೆ ಬಳಗ ದೊರೆಯಿತು, ‘ಭಾರ’ ಎಂಬವನು ಆಧಾರನಾದನು. ಆದರೆ ಶಾಸ್ತ್ರದ ಕೊರತೆಯೂ ಇಲ್ಲಿಯೇ ಕಾಣುವುದು. ದಾನವರು ಕೊಟ್ಟ ಜೀವನಹೇತು ದ್ವೇಷ. ಒಬ್ಬನು ಬದುಕಿದನು, ಹದಿನೆಂಟು ಅಕ್ಷೋಹಿಣಿ ಅಳಿಯಿತು. ಆದುದರಿಂದ ಪ್ರಾಣವುಳಿಸಿದ ಮಾತ್ರಕ್ಕೆ ಆಶ್ವಾಸನವು ಸಫಲವೆನ್ನಲಾಗದು. ಯಾವ ಬಾಳಿಗೆ ಮರಳಿಸಿದೆವೆಂಬುದನ್ನೂ ನೋಡಬೇಕು.

ಎರಡನೆಯದು ಸುಂದರಕಾಂಡದ ಅಶೋಕವನ. ರಾವಣನು ಅವಧಿಯನ್ನಿಟ್ಟು ಹೋಗಿರುವನು, ರಾಕ್ಷಸಿಯರು ಬೆದರಿಸುತ್ತಿರುವರು, ಸೀತೆಯು ಪ್ರಾಣತ್ಯಾಗಕ್ಕೆ ಮನಸ್ಸು ಮಾಡಿರುವಳು. ಶಿಂಶುಪಾವೃಕ್ಷದಲ್ಲಿ ಅಡಗಿರುವ ಹನುಮಂತನ ಆಲೋಚನೆಯನ್ನು ವಾಲ್ಮೀಕಿಯು ದೀರ್ಘವಾಗಿ ವರ್ಣಿಸಿರುವುದು ವ್ಯರ್ಥವಿಸ್ತಾರವಲ್ಲ. ಈ ರಾತ್ರಿಯೇ ಮಾತನಾಡದಿದ್ದರೆ ಇವಳು ಉಳಿಯಳು ಎಂದು ಅಪಾಯದ ಸಾಮೀಪ್ಯವನ್ನು ಅವನು ಮೊದಲು ಅಳೆಯುವನು. ದ್ವಿಜನಂತೆ ಸಂಸ್ಕೃತದಲ್ಲಿ ನುಡಿದರೆ ರಾವಣನೆಂದು ಬೆದರಿಯಾಳೆಂದು, ಸಾಮಾನ್ಯ ಮನುಷ್ಯರ ಮಾತನ್ನೇ ಆರಿಸಿಕೊಳ್ಳುವನು. ಸಂಸ್ಕೃತಪಾಠಶಾಲೆಗಳಲ್ಲಿಯೇ ಬೆಳೆದ ನಮ್ಮಂಥವರು ಇದನ್ನು ಎರಡು ಬಾರಿ ಓದಬೇಕು.

ಹನುಮಂತನು ಉಪದೇಶ ಮಾಡುವುದಿಲ್ಲ, ದೇಹತ್ಯಾಗವು ಪಾಪವೆನ್ನುವುದಿಲ್ಲ. ಅವಳ ಕಿವಿಗೆ ಬೀಳುವಂತೆ ರಾಮಕಥೆಯನ್ನು ಮೆಲ್ಲನೆ ಹೇಳುವನು. ಕೆಳಗಿಳಿದು ಕೈಮುಗಿದು, ತಾಯೇ ನೀನು ಯಾರೆಂದು ಕೇಳುವನು. ಅವಳು ಶಂಕಿಸಿದರೆ ಮುನಿಯದೆ, ಕೇಳಿದುದಕ್ಕೆಲ್ಲ ಉತ್ತರ ಹೇಳಿ, ಕೈಯಲ್ಲಿ ಹಿಡಿಯಬಹುದಾದ ಉಂಗುರವನ್ನು ಕೊಡುವನು. ಬೆನ್ನ ಮೇಲೆ ಹೊತ್ತೊಯ್ಯುವೆನೆಂದಾಗ ಅವಳು ಒಲ್ಲೆನೆನ್ನಲು, ಆ ಮಾತನ್ನು ಗೌರವಿಸಿ ಚೂಡಾಮಣಿಯನ್ನು ಪಡೆದು ಹಿಂದಿರುಗುವನು. ಇಲ್ಲಿಯೂ ಒಂದು ಎಚ್ಚರ ಬೇಕು. ಸೀತೆಯದು ಚಿತ್ತವಿಕಾರವಲ್ಲ, ಸೆರೆ. ಮನಸ್ಸನ್ನು ಮಾತ್ರ ತಿದ್ದಿ ಲಂಕೆಯನ್ನು ಹಾಗೆಯೇ ಬಿಡುವ ಶಾಸ್ತ್ರವು ಅಪೂರ್ಣ. ಸಾಲ, ಹಿಂಸೆ, ಅಪಮಾನಗಳಿಂದ ಬೆಂದವನಿಗೆ ಮಾತಿನ ಜೊತೆಗೆ ಸೇತುವೂ ಬೇಕು.

ನಮ್ಮ ಅಲಂಕಾರಶಾಸ್ತ್ರವೂ ಇಲ್ಲಿ ಒಂದು ಬೆಳಕನ್ನು ಕೊಡುವುದು. ಭರತನು ನಿರ್ವೇದ, ವಿಷಾದ, ದೈನ್ಯಗಳನ್ನು 33 ವ್ಯಭಿಚಾರಿಭಾವಗಳಲ್ಲಿ ಎಣಿಸಿದನೇ ಹೊರತು ಸ್ಥಾಯಿಗಳಲ್ಲಲ್ಲ. ಅವು ಬಂದು ಹೋಗುವಂಥವು. ಆತನು ನಾಟ್ಯವನ್ನು ಕುರಿತು ಹೇಳಿದುದನ್ನು ಚಿಕಿತ್ಸೆಗೆ ಎಳೆಯುವುದು ಅತಿಯಾದೀತೆಂದು ವಿದ್ವಾಂಸರು ಆಕ್ಷೇಪಿಸಬಹುದು. ಆದರೂ ಸಂಕಟದ ತೀವ್ರಕ್ಷಣವು ಬಹುಮಟ್ಟಿಗೆ ಕಳೆದುಹೋಗುವುದು, ಆ ಹೊತ್ತನ್ನು ದಾಟಿಸುವವರು ಬೇಕು ಎಂಬ ಇಂದಿನ ವೈದ್ಯರ ಅನುಭವವು ಇದಕ್ಕೆ ಸಂವಾದಿಯಾಗಿರುವುದು. ‘ಆಶ್ವಾಸನ’ವೆಂಬ ಶಬ್ದದ ಧಾತ್ವರ್ಥವೇ ಉಸಿರಾಡಿಸುವುದು.

ಇದನ್ನು ಬರೆಯುವ ಅಧಿಕಾರ ನನಗೆ ಬಂದುದು ನನ್ನ ತಪ್ಪಿನಿಂದ. ಹಲವು ವರ್ಷಗಳ ಹಿಂದೆ ಒಬ್ಬ ವಿದ್ಯಾರ್ಥಿಯು ಸಂಜೆ ಬಂದು, ಬದುಕು ಸಾಕಾಗಿದೆ ಎಂದನು. ನಾನು ಧರ್ಮಶಾಸ್ತ್ರದ ವಚನಗಳನ್ನು ಒಂದರ ಮೇಲೊಂದು ಹೇಳಿದೆನು. ಅವನು ನಮಸ್ಕರಿಸಿ ಹೊರಟುಹೋದನು. ದೈವವಶಾತ್ ಉಳಿದನು. ಮುಂದೆ ಒಮ್ಮೆ ಬಂದಾಗ ಹೇಳಿದನು: “ಗುರುಗಳ, ನೀವು ಅಂದದ್ದೆಲ್ಲಾ ಖರೇನ. ಆದರ ಏನಾತಪ್ಪಾ ಅಂತ ಕೇಳಲಿಲ್ಲ. ಅಡಿಗಿ ಮಾಡಾವ ಕೇಳಿದಾ. ಬೆಳಗಾಗೂ ತನಕಾ ಬಾಜೂಕ ಕುಂತಿದ್ದಾ.” ಸುಂದರಕಾಂಡವನ್ನು ಪಾಠ ಹೇಳುತ್ತಿದ್ದವನು ನಾನು, ಅದರ ಅರ್ಥ ತಿಳಿದಿದ್ದವನು ಆ ಅಡಿಗೆಯವನು.

ನಮ್ಮ ದೇಶದ ಕಾಯಿದೆಯೂ ಶಕುನಿಯ ಧೋರಣೆಯನ್ನು ಬಿಟ್ಟು ಬಂದಿದೆ. 2017ರ ಮಾನಸಿಕ ಆರೋಗ್ಯ ಕಾಯಿದೆಯ 115ನೆಯ ಕಲಮು, ಪ್ರಾಣತ್ಯಾಗಕ್ಕೆ ಯತ್ನಿಸಿದವನು ಅನ್ಯಥಾ ಸಿದ್ಧವಾಗದ ಹೊರತು ತೀವ್ರ ಒತ್ತಡದಲ್ಲಿದ್ದನೆಂದೇ ಭಾವಿಸಿ, ಅವನ ಆರೈಕೆಯ ಹೊಣೆಯನ್ನು ಸರಕಾರದ ಮೇಲೆ ಹೊರಿಸಿರುವುದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಮುಖ್ಯಕೇಂದ್ರ. 14416 ಸಂಖ್ಯೆಗೆ ಕರೆಮಾಡಿದವರೊಡನೆ ಅವರವರ ಭಾಷೆಯಲ್ಲಿಯೇ ಮಾತನಾಡುವ ವ್ಯವಸ್ಥೆಯಿದೆ. ಹನುಮಂತನು ಹುಡುಕಿದ ಮನುಷ್ಯವಾಕ್ಯವೆಂದರೆ ಇದೇ.

ಸಾಹಿತ್ಯದ ಅಧ್ಯಾಪಕರಲ್ಲಿ ನನ್ನ ವಿಜ್ಞಾಪನೆ ಇಷ್ಟೇ. ಈ ಪ್ರಸಂಗಗಳನ್ನು ಪಾಠ ಹೇಳುವಾಗ ರಸಾಲಂಕಾರಗಳ ಜೊತೆಗೆ ಮಾತಿನ ಕ್ರಮವನ್ನೂ ತೋರಿಸಿರಿ. ತರಗತಿಯ ಹಿಂದಿನ ಸಾಲಿನಲ್ಲಿ ಕುಳಿತವನೊಬ್ಬನು ಅದನ್ನು ತನಗಾಗಿಯೇ ಕೇಳುತ್ತಿರಬಹುದು. ಪಾಠ ಮುಗಿದ ಮೇಲೆ ಅವನು ನಿಮ್ಮ ಬಳಿಗೆ ಬಂದರೆ, ವಚನಗಳನ್ನು ಬದಿಗಿಟ್ಟು, ಏನಾಯಿತಪ್ಪಾ ಎಂದು ಮೊದಲು ಕೇಳಿರಿ, ಒಬ್ಬನನ್ನೇ ಕಳುಹಿಸಬೇಡಿರಿ.