ಮೂರು ಪ್ರತಿಗಳ ಸೂತ್ರ ಮತ್ತು ಅಭಿಲೇಖಾಲಯದ ವಿವೇಕ

ಕಂಪ್ಯೂಟರ್ ಬ್ಯಾಕಪ್ ಕುರಿತು ಮಾತು ಬಂದಲ್ಲೆಲ್ಲ ಈಗ ‘ಮೂರು-ಎರಡು-ಒಂದು’ ಎಂಬ ಸೂತ್ರ ವೇದವಾಕ್ಯದಂತೆ ಉಲ್ಲೇಖವಾಗುತ್ತಿದೆ. ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಅವರ ಹೆಸರಿನೊಂದಿಗೆ ಪ್ರಸಿದ್ಧವಾದ ಈ ಸೂತ್ರದ ಪ್ರಕಾರ ದತ್ತಾಂಶದ ಮೂರು ಪ್ರತಿಗಳಿರಬೇಕು, ಅವು ಎರಡು ಬಗೆಯ ಸಾಧನಗಳಲ್ಲಿರಬೇಕು, ಒಂದಾದರೂ ಬೇರೆ ಸ್ಥಳದಲ್ಲಿರಬೇಕು. ಬೆಂಕಿ, ಕಳ್ಳತನ, ಡಿಸ್ಕ್ ಕೆಡುವುದು ಇವುಗಳ ಮಟ್ಟಿಗೆ ಸೂತ್ರದ ಉಪಯೋಗವನ್ನು ಅಲ್ಲಗಳೆಯಲಾಗದು. ಆದರೆ ಬ್ಯಾಕಪ್ ಇಡುವವರನ್ನು ಮತ್ತೆ ಮತ್ತೆ ಕಾಡುವ ಪ್ರಶ್ನೆಗೆ, ಅಂದರೆ ಜಾಗ ತುಂಬಿದಾಗ ಯಾವುದನ್ನು ಅಳಿಸಬೇಕು, ಯಾವುದನ್ನು ಉಳಿಸಬೇಕು ಎಂಬುದಕ್ಕೆ, ಅದರಲ್ಲಿ ಒಂದಕ್ಷರದ ಉತ್ತರವೂ ಇಲ್ಲ.

‘ಮೂರು ಪ್ರತಿ’ ಎಂಬ ಮೊದಲ ಮಾತನ್ನೇ ಹಿಡಿದು ಕೇಳಬೇಕು: ಯಾವ ದಿನದ ಪ್ರತಿ? ಯುಗಾದಿಯ ಹೊತ್ತಿಗೆ ಕೆಟ್ಟುಹೋದ ಲೆಕ್ಕದ ಕಡತವೊಂದು ದಸರೆಯ ಹೊತ್ತಿಗೆ ಯಜಮಾನರ ಗಮನಕ್ಕೆ ಬಂದಿತೆಂದರೆ, ನಿನ್ನೆ ರಾತ್ರಿ ತೆಗೆದ ಮೂರೂ ಪ್ರತಿಗಳಲ್ಲಿ ಅದೇ ಕೆಟ್ಟ ಕಡತ ಶ್ರದ್ಧೆಯಿಂದ ನಕಲಾಗಿರುತ್ತದೆ. ಸೂತ್ರವು ಪ್ರತಿಗಳ ಸಂಖ್ಯೆಯನ್ನೂ ಸ್ಥಳವನ್ನೂ ಎಣಿಸುತ್ತದೆಯೇ ಹೊರತು ಅವುಗಳ ವಯಸ್ಸನ್ನು ಎಣಿಸುವುದಿಲ್ಲ. ವಯಸ್ಸನ್ನು ಎಣಿಸಲು ಹೊರಟ ಕೂಡಲೇ ಜಾಗದ ಪ್ರಶ್ನೆ ಎದುರಾಗುತ್ತದೆ.

ಹಿರಿಯೂರಿನಂಥ ಊರಿನ ಒಂದು ಫೋಟೋ ಸ್ಟುಡಿಯೊವನ್ನು ಲೆಕ್ಕಕ್ಕಾಗಿ ಕಲ್ಪಿಸಿಕೊಳ್ಳಬಹುದು. ಅಲ್ಲಿನ ಕಂಪ್ಯೂಟರಿನಲ್ಲಿ 150 ಜಿಬಿ ಸಾಮಗ್ರಿಯಿದೆ, ಬ್ಯಾಕಪ್‌ಗೆಂದು ಒಂದು ಟಿಬಿಯ, ಅಂದರೆ ಸುಮಾರು 1000 ಜಿಬಿಯ, ಹಾರ್ಡ್ ಡಿಸ್ಕ್ ಇದೆ. ದಿನವೂ ಪೂರ್ಣ ಪ್ರತಿ ತೆಗೆದರೆ ಆರು ದಿನಕ್ಕೆ 900 ಜಿಬಿ ತುಂಬಿ ಏಳನೆಯ ದಿನಕ್ಕೆ ಜಾಗ ಸಾಲುವುದಿಲ್ಲ. ಹೀಗಾಗಿ ತಂತ್ರಾಂಶಗಳು ‘ಇನ್‌ಕ್ರಿಮೆಂಟಲ್’ ಪದ್ಧತಿಯನ್ನು, ಎಂದರೆ ಮೊದಲ ದಿನ ಪೂರ್ಣ ಪ್ರತಿ ತೆಗೆದು ಆಮೇಲೆ ಹಿಂದಿನ ಪ್ರತಿಯಿಂದೀಚೆಗೆ ಬದಲಾದ ಭಾಗವನ್ನಷ್ಟೇ ನಕಲಿಸುವ ಕ್ರಮವನ್ನು, ಅನುಸರಿಸುತ್ತವೆ. ದಿನಕ್ಕೆ 3 ಜಿಬಿ ಬದಲಾವಣೆಯೆಂದು ಹಿಡಿದರೆ 30 ದಿನಕ್ಕೆ 237 ಜಿಬಿ ಸಾಕು. ಈ ಉಳಿತಾಯಕ್ಕೆ ತೆರುವ ಬೆಲೆ ಕಣ್ಣಿಗೆ ಬೇಗ ಬೀಳುವುದಿಲ್ಲ. ಇಲ್ಲಿ ಪ್ರತಿಯೊಂದು ಪ್ರತಿಯೂ ಸರಪಳಿಯ ಕೊಂಡಿಯಾಗಿರುವುದರಿಂದ ಒಂಬತ್ತನೆಯ ದಿನದ ಪ್ರತಿ ಕೆಟ್ಟರೆ ಹತ್ತರಿಂದ ಮೂವತ್ತರವರೆಗಿನ ಯಾವ ದಿನವನ್ನೂ ಪೂರ್ತಿಯಾಗಿ ನಂಬುವಂತಿಲ್ಲ. ‘ಹಳೆಯದನ್ನು ಅಳಿಸಿದರಾಯಿತು’ ಎಂಬ ಸಹಜ ಬುದ್ಧಿ ಇದಕ್ಕಿಂತ ದೊಡ್ಡ ಅನಾಹುತಕ್ಕೆ ದಾರಿ: ಎಲ್ಲಕ್ಕಿಂತ ಹಳೆಯದೂ ಎಲ್ಲಕ್ಕಿಂತ ದೊಡ್ಡದೂ ಆದ ಕಡತವೆಂದು 150 ಜಿಬಿಯ ಮೊದಲ ಪ್ರತಿಯನ್ನು ಕೈಯಾರೆ ಅಳಿಸಿದವರು, ಅದನ್ನು ಆಧರಿಸಿ ನಿಂತ ಉಳಿದ 29 ಪ್ರತಿಗಳನ್ನೂ ನಿರುಪಯೋಗಿ ಮಾಡಿಕೊಳ್ಳುತ್ತಾರೆ.

ಈ ತೊಡಕಿಗೆ ತಾಂತ್ರಿಕ ಲೇಖಕರಲ್ಲಿ ಒಂದು ಪಂಗಡದ ಉತ್ತರವೆಂದರೆ ಡಿಸ್ಕ್ ಅಗ್ಗವಾಗಿದೆ, ತುಂಬಿದರೆ ಇನ್ನೊಂದು ಕೊಳ್ಳಿ ಎಂಬುದು. ಈ ವಾದ ಒಪ್ಪತಕ್ಕದ್ದಲ್ಲ. ಹಿರಿಯೂರು ತಾಲ್ಲೂಕಿನಲ್ಲಿ ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಗಳ ನಂತರ. ಅಷ್ಟು ಕಾಲ ತುಂಬದೆ ಇದ್ದ ಜಲಾಶಯಕ್ಕೂ ನೀರು ಹೊರಹೋಗುವ ದಾರಿಯನ್ನು ಕಟ್ಟಿದವರು ಮೊದಲೇ ಯೋಚಿಸಿಟ್ಟಿದ್ದರು. ಆರು ದಿನಕ್ಕೆ ತುಂಬುವ ಡಿಸ್ಕಿಗೆ ಕೋಡಿ ಬೇಡವೆನ್ನುವುದು ಹೊಣೆಗೇಡಿ ಸಲಹೆ. ಡಿಸ್ಕ್ ತುಂಬಿದಾಗ ಹೊಸ ಬ್ಯಾಕಪ್ ನಿಂತುಹೋಗುತ್ತದೆ, ಆ ಸೂಚನೆಯನ್ನು ಯಾರೂ ಓದದಿದ್ದರೆ ತಿಂಗಳುಗಟ್ಟಲೆ ನಿಂತೇ ಇರುತ್ತದೆ. ಇನ್ನೊಂದು ಪಂಗಡ ಸೂತ್ರಕ್ಕೆ ಬಾಲ ಸೇರಿಸಿ ‘ಮೂರು-ಎರಡು-ಒಂದು-ಒಂದು-ಸೊನ್ನೆ’ ಎನ್ನುತ್ತದೆ: ಜಾಲಕ್ಕೆ ಸೇರದ ಒಂದು ಪ್ರತಿ, ಪರೀಕ್ಷೆಯಲ್ಲಿ ಸೊನ್ನೆ ದೋಷ. ಸೇರಿಸಿದ್ದೆರಡೂ ಒಳ್ಳೆಯವೇ, ಆದರೂ ಅಳಿಸುವ ಮಾತು ಅಲ್ಲಿಯೂ ಬರುವುದಿಲ್ಲ.

ಆ ಮಾತನ್ನು ಆಡಿದ ಹಳೆಯ ಪದ್ಧತಿ ಒಂದಿದೆ, ಅದಕ್ಕೆ ತಕ್ಕ ಗೌರವ ಸಿಕ್ಕಿಲ್ಲ. ಕಾಂತಟೇಪುಗಳ ಕಾಲದ ‘ಅಜ್ಜ-ಅಪ್ಪ-ಮಗ’ ಕ್ರಮದಲ್ಲಿ ದಿನದ ಪ್ರತಿ ಮಗ, ವಾರದ ಪ್ರತಿ ಅಪ್ಪ, ತಿಂಗಳ ಪ್ರತಿ ಅಜ್ಜ. ಆರು ಮಕ್ಕಳು, ನಾಲ್ವರು ಅಪ್ಪಂದಿರು, ಹನ್ನೆರಡು ಅಜ್ಜಂದಿರು ಎಂದಿಟ್ಟುಕೊಂಡರೆ 22 ಪ್ರತಿಗಳಲ್ಲಿ ಇಡೀ ವರ್ಷದ ಹಿನ್ನೋಟ ದಕ್ಕುತ್ತದೆ. ಹತ್ತಿರದ ದಿನಗಳು ದಟ್ಟವಾಗಿಯೂ ದೂರದ ದಿನಗಳು ವಿರಳವಾಗಿಯೂ ಉಳಿಯುವ ಈ ಕ್ರಮವನ್ನೇ ಆಪಲ್ ಕಂಪನಿ 2007ರಲ್ಲಿ ಟೈಮ್ ಮಷೀನ್‌ನಲ್ಲಿ ಗಂಟೆ, ದಿನ, ವಾರಗಳ ಲೆಕ್ಕಕ್ಕೆ ಅಳವಡಿಸಿತು.

ಇದಕ್ಕೂ ಮುಖ್ಯವಾದ ಪಾಠ ಕನ್ನಡ ಓದುಗರ ಕಣ್ಣೆದುರಿಗೇ, ತಾಲ್ಲೂಕು ಕಚೇರಿಗಳ ಅಭಿಲೇಖಾಲಯದಲ್ಲಿದೆ. ಕರ್ನಾಟಕದ ಸರ್ಕಾರಿ ಕಚೇರಿಗಳಲ್ಲಿ ಮುಕ್ತಾಯವಾದ ಕಡತಕ್ಕೆ ಒಂದು ವರ್ಗ ಬೀಳುತ್ತದೆ: ‘ಎ’ ಶಾಶ್ವತ, ‘ಬಿ’ 30 ವರ್ಷ, ‘ಸಿ’ 10 ವರ್ಷ, ಮುಂದಿನವಕ್ಕೆ ಇನ್ನೂ ಕಡಿಮೆ ಅವಧಿ. ಅವಧಿ ಮುಗಿದ ಕಡತವನ್ನು ನಾಶಪಡಿಸುವುದೂ ಅಲ್ಲಿ ನಿಯಮಬದ್ಧ ಕೆಲಸ. ಕಡತ ಎಷ್ಟು ಕಾಲ ಬಾಳಬೇಕೆಂಬ ತೀರ್ಮಾನವನ್ನು ಕಪಾಟು ತುಂಬುವ ಗಳಿಗೆಗೆ ಬಿಡದೆ, ಕಡತ ಮುಗಿದಾಗಲೇ ಅದರ ಸ್ವರೂಪ ನೋಡಿ ಮಾಡುವ ಈ ವಿವೇಕವನ್ನು ಬ್ಯಾಕಪ್ ಕುರಿತು ಬರೆಯುವವರು ಗಮನಿಸಿಯೇ ಇಲ್ಲ.

ಅದೇ ಸ್ಟುಡಿಯೊಗೆ ಇದನ್ನು ಅನ್ವಯಿಸಿ ನೋಡಬೇಕು. 150 ಜಿಬಿಯಲ್ಲಿ 130 ಜಿಬಿ ಮುಗಿದ ಮದುವೆಗಳ ಚಿತ್ರಗಳೆಂದು ಭಾವಿಸಿದರೆ, ಅವು ಇನ್ನು ಬದಲಾಗುವಂಥವಲ್ಲ. ‘ಎ’ ವರ್ಗದ ಆ ಸಾಮಗ್ರಿಗೆ ದಿನವೂ ನಕಲು ಬೇಕಿಲ್ಲ, ಒಮ್ಮೆ ಇಟ್ಟರೆ ಸಾಕು. ನಡೆಯುತ್ತಿರುವ ಆಲ್ಬಮ್ಮು, ಲೆಕ್ಕಪತ್ರಗಳ 20 ಜಿಬಿಗೆ ಅಜ್ಜ-ಅಪ್ಪ-ಮಗ ಕ್ರಮದಲ್ಲಿ 22 ಪೂರ್ಣ ಪ್ರತಿಗಳನ್ನು ಇಟ್ಟರೂ 440 ಜಿಬಿಯಾಗುತ್ತದೆ. ಸರಪಳಿಯ ಭಯವಿಲ್ಲ, ಯುಗಾದಿಯ ಕಡತ ದಸರೆಗೂ ಸಿಗುತ್ತದೆ, ಇಂಥದೇ ಇನ್ನೊಂದು ಡಿಸ್ಕನ್ನು ಬೇರೆ ಮನೆಯಲ್ಲಿಟ್ಟರೆ ಬೆಂಕಿ, ಕಳ್ಳತನಗಳ ಭಯಕ್ಕೂ ಪರಿಹಾರವಾಗುತ್ತದೆ. ಎರಡೂ ಸೇರಿ 570 ಜಿಬಿ. ಆರು ದಿನಕ್ಕೆ ತುಂಬುತ್ತಿದ್ದ ಅದೇ ಡಿಸ್ಕಿನಲ್ಲಿ, ವರ್ಷದ ಕೊನೆಗೂ 430 ಜಿಬಿ ಖಾಲಿಯಿರುತ್ತದೆ.