ಮರಿನಾಯಿಯ ಮಾರಾಟ ಮತ್ತು ಅಣುವ್ರತದ ಅಳತೆ

ಅಹಿಂಸೆಯನ್ನು ಪರಮಧರ್ಮವೆಂದು ನಂಬಿದ ಸಮಾಜದಲ್ಲಿ ಆಹಾರಶುದ್ಧಿಯನ್ನು ಕುರಿತು ನಡೆಯುವಷ್ಟು ವಿಚಾರ ವ್ಯವಹಾರಶುದ್ಧಿಯನ್ನು ಕುರಿತು ನಡೆಯುವುದಿಲ್ಲ. ಸೂರ್ಯಾಸ್ತದ ನಂತರ ಉಣ್ಣದ, ಸೋಸದ ನೀರನ್ನು ಕುಡಿಯದ, ಕಂದಮೂಲಗಳನ್ನು ಮುಟ್ಟದ ಮನೆಯೂ ಇಂದು ಮೊಬೈಲಿನಲ್ಲಿ ಚಿತ್ರ ನೋಡಿ, ಬೆಲೆ ಕೇಳಿ, ಹಣ ಕಳುಹಿಸಿ ಮರಿನಾಯಿಯನ್ನು ತರಿಸಿಕೊಳ್ಳಬಹುದಾಗಿದೆ. ಇದನ್ನು ಯಾರೂ ಹಿಂಸೆಯೆಂದು ಎಣಿಸುವುದಿಲ್ಲ, ಪ್ರಾಣಿಪ್ರೀತಿಯೆಂದೇ ಎಣಿಸುತ್ತಾರೆ. ಈ ಎಣಿಕೆ ಪರಿಶೀಲನೆಗೆ ಅರ್ಹವಾಗಿದೆ.

ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ತಾಂಬಾದಂತಹ ಊರುಗಳಲ್ಲಿ ಹಿಂದೆ ನಾಯಿ ಅಂಗಡಿಯ ಸರಕಾಗಿರಲಿಲ್ಲ. ಹೊಲ ಕಾಯಲು, ಕುರಿಹಟ್ಟಿ ಕಾಯಲು, ಅಥವಾ ಅಂಗಳದಲ್ಲೊಂದು ಇರಲೆಂದು ಮರಿ ಬೇಕಾದವರು ನೆರೆಯವರನ್ನು ಕೇಳುತ್ತಿದ್ದರು. ಮರಿ ತಾಯಿಹಾಲು ಬಿಟ್ಟು ರೊಟ್ಟಿಯ ಚೂರು ತಿನ್ನುವಂತಾದ ಮೇಲೆ ಎತ್ತಿಕೊಂಡು ಬರುತ್ತಿದ್ದರು. ತಾಯಿ ಯಾವುದು, ಮರಿ ಹುಟ್ಟಿ ಎಷ್ಟು ದಿನವಾಯಿತು ಎಂಬುದು ಓಣಿಗೆಲ್ಲ ತಿಳಿದಿರುತ್ತಿತ್ತು. ಆ ವ್ಯವಸ್ಥೆಯಲ್ಲಿ ದೋಷಗಳಿರಲಿಲ್ಲವೆಂದಲ್ಲ. ಬೇಡವಾದ ಹೆಣ್ಣುಮರಿಗಳನ್ನು ಊರಾಚೆ ಬಿಟ್ಟುಬರುವ ಕ್ರೌರ್ಯವೂ ಅಲ್ಲಿತ್ತು. ಆದರೆ ಮರಿಗೂ ಕೊಳ್ಳುವವನಿಗೂ ನಡುವೆ ಪರದೆಯೊಂದು ಇರಲಿಲ್ಲ. ಇಂದು ಐನೂರು ಕಿಲೋಮೀಟರಿಗೂ ದೂರದ ಬೆಂಗಳೂರಿನ ಮರಿಯ ಚಿತ್ರ ಕ್ಷಣಮಾತ್ರದಲ್ಲಿ ಊರಿಗೆ ಬರುತ್ತದೆ. ಚಿತ್ರದ ಹಿಂದೆ ತಾಯಿನಾಯಿ ಎಲ್ಲಿದೆ, ಯಾವ ಪಂಜರದಲ್ಲಿದೆ, ಅದಕ್ಕಿದು ಎಷ್ಟನೆಯ ಸೂಲು ಎಂಬುದು ಕಾಣುವುದಿಲ್ಲ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಈ ಸೀಮೆಗೆ ಹಿಮಪ್ರದೇಶದ ದಟ್ಟ ತುಪ್ಪಳದ ಹಸ್ಕಿಯನ್ನು ತರಿಸಿಕೊಳ್ಳುವುದು ಸಾಧ್ಯವಾದುದೂ ಈ ಪರದೆಯಿಂದಲೇ.

ಈ ಮಾರಾಟದ ಕ್ರೌರ್ಯವನ್ನು ತಗ್ಗಿಸಲು ಸ್ವಯಂಸೇವಕರು ಹಲವು ದೇಶಗಳಲ್ಲಿ ದುಡಿಯುತ್ತಿದ್ದಾರೆ. ಬ್ರಿಟನ್ನಿನಲ್ಲಿ 2001ರಲ್ಲಿ ಪ್ರಾಣಿದಯಾ ಸಂಸ್ಥೆಗಳು ಕೂಡಿ ಸಾಕುಪ್ರಾಣಿಗಳ ಜಾಹೀರಾತುಗಳಿಗೆಂದೇ ಒಂದು ಸಲಹಾ ಮಂಡಳಿಯನ್ನು ಕಟ್ಟಿದವು. ಅಂತರ್ಜಾಲದ ಜಾಹೀರಾತುಗಳಿಗೆ ಕನಿಷ್ಠ ನಿಯಮಗಳನ್ನು ಗೊತ್ತುಪಡಿಸಿ, ಅವಕ್ಕೆ ಹೊಂದದವನ್ನು ಹುಡುಕಿ ತೆಗೆಸುವ ಕೆಲಸದಲ್ಲಿ ಸ್ವಯಂಸೇವಕರು ತೊಡಗಿದರು. ಮರಿಗಳಿಗಾಗಿಯೇ ಬಳಸಲ್ಪಟ್ಟು 2013ರಲ್ಲಿ ಬಿಡುಗಡೆ ಹೊಂದಿದ ಲೂಸಿ ಎಂಬ ಹೆಣ್ಣುನಾಯಿಯ ಹೆಸರಿನಲ್ಲಿ ನಡೆದ ಚಳವಳಿಯ ಫಲವಾಗಿ, 2020ರ ಏಪ್ರಿಲ್ 6ರಿಂದ ಇಂಗ್ಲೆಂಡಿನಲ್ಲಿ ವ್ಯಾಪಾರಿ ದಲ್ಲಾಳಿಗಳ ಮೂಲಕ ಮರಿನಾಯಿಗಳನ್ನು ಮಾರುವುದು ನಿಂತಿತು. ಕೊಳ್ಳುವವರು ಮರಿ ಹುಟ್ಟಿದ ಮನೆಗೇ ಹೋಗಬೇಕು, ಇಲ್ಲವೆ ಪ್ರಾಣಿ ಆಶ್ರಯಧಾಮಕ್ಕೆ ಹೋಗಬೇಕು. ಬೆಂಗಳೂರಿನಲ್ಲಿ 1991ರಲ್ಲಿ ಆರಂಭವಾದ ಕ್ಯೂಪಾ ಸಂಸ್ಥೆ, ತಳಿನಾಯಿಗಳೆಂದು ಹಣಕೊಟ್ಟು ತಂದು ಅನಂತರ ಬೀದಿಗೆ ಬಿಟ್ಟ ನಾಯಿಗಳಿಗೆ ಮತ್ತೆ ಮನೆ ಹುಡುಕುವ ಕಾರ್ಯವನ್ನು ಮಾಡುತ್ತ ಬಂದಿದೆ.

ಭಾರತದ ಕಾನೂನೂ ಸುಮ್ಮನಿಲ್ಲ. 1960ರ ಪ್ರಾಣಿಹಿಂಸಾ ನಿವಾರಣಾ ಕಾಯ್ದೆಯ ಅಡಿಯಲ್ಲಿ 2017ರಲ್ಲಿ ನಾಯಿಗಳ ಸಂತಾನೋತ್ಪಾದನೆ ಹಾಗೂ ಮಾರಾಟದ ನಿಯಮಗಳೂ, 2018ರಲ್ಲಿ ಸಾಕುಪ್ರಾಣಿ ಅಂಗಡಿಗಳ ನಿಯಮಗಳೂ ಬಂದಿವೆ. ಮರಿ ಮಾಡಿಸಿ ಮಾರುವವರು ರಾಜ್ಯ ಪ್ರಾಣಿಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. ಎಂಟು ವಾರ ತುಂಬದ ಮರಿಯನ್ನು ಮಾರಕೂಡದು. ಒಂದು ಹೆಣ್ಣುನಾಯಿಗೆ ವರ್ಷಕ್ಕೊಂದಕ್ಕಿಂತ ಹೆಚ್ಚು ಸೂಲು, ಜೀವಮಾನದಲ್ಲಿ ಐದಕ್ಕಿಂತ ಹೆಚ್ಚು ಸೂಲು ಆಗಕೂಡದು. ಅಂದಕ್ಕಾಗಿ ಕಿವಿ ಬಾಲಗಳನ್ನು ಕತ್ತರಿಸಕೂಡದು. ಸ್ವಯಂಸೇವಕರು ಕೊಳ್ಳುವವರಿಗೆ ಹೇಳಿಕೊಡುವ ಪ್ರಶ್ನೆಗಳೂ ಇವೇ: ನೋಂದಣಿ ಇದೆಯೆ, ತಾಯಿಯನ್ನು ತೋರಿಸುವಿರಾ, ಮರಿಯ ವಯಸ್ಸೆಷ್ಟು, ಲಸಿಕೆ ಆಗಿದೆಯೆ.

ಶ್ರಾವಕಾಚಾರವನ್ನು ಬಲ್ಲವರಿಗೆ ಈ ನಿಯಮಗಳು ಹೊಸವಾಗಿ ತೋರಲಾರವು. ಅಹಿಂಸಾಣುವ್ರತಕ್ಕೆ ತತ್ತ್ವಾರ್ಥಸೂತ್ರವು ಐದು ಅತಿಚಾರಗಳನ್ನು ಹೇಳಿದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಮಗ್ಗುಲು ಬದಲಿಸಲೂ ಸ್ಥಳವಿಲ್ಲದ ಪಂಜರ ಬಂಧ. ಹೇಳಿದಂತೆ ಕೇಳಲೆಂದು ಹೊಡೆಯುವುದು ವಧ. ಬಾಲ ಮೊಟಕುಗೊಳಿಸುವುದು, ಕಿವಿ ಕತ್ತರಿಸುವುದು ಛೇದ. ಬಸವಳಿದ ಹೆಣ್ಣುನಾಯಿಗೆ ಬೆದೆಬೆದೆಗೂ ಗಬ್ಬ ಕಟ್ಟಿಸುವುದು ಅತಿಭಾರಾರೋಪಣವಲ್ಲದೆ ಮತ್ತೇನು? ತಿಂಗಳ ಮರಿಯನ್ನು ತಾಯ ಮೊಲೆಯಿಂದ ಕಿತ್ತು ಬುಟ್ಟಿಯಲ್ಲಿಟ್ಟು ಬಸ್ಸಿಗೆ ಏರಿಸುವುದು ಅನ್ನಪಾನನಿರೋಧ. ಅಚೌರ್ಯಾಣುವ್ರತದ ಅತಿಚಾರಗಳೂ ಇಲ್ಲಿ ಹೊರಗುಳಿಯವು. ನೋಂದಣಿಯಿಲ್ಲದೆ ಮಾರುವುದು ವಿರುದ್ಧರಾಜ್ಯಾತಿಕ್ರಮ. ಬೆರಕೆ ಮರಿಗೆ ಶುದ್ಧ ತಳಿಯೆಂಬ ಕಾಗದ ಹೊಂದಿಸಿ ಕೊಡುವುದು ಪ್ರತಿರೂಪಕ ವ್ಯವಹಾರ. ಸ್ವಯಂಸೇವಕರು ಈ ಹೆಸರುಗಳನ್ನು ಬಳಸದೆ ಇರಬಹುದು. ಅವರು ತಡೆಯಲೆತ್ನಿಸುತ್ತಿರುವುದು ಈ ಅತಿಚಾರಗಳನ್ನೇ. ಆದ್ದರಿಂದ ಅವರ ಶ್ರಮ ಜೈನ ಸಮಾಜದ ಗೌರವಕ್ಕೆ ಪಾತ್ರವಾದುದು.

ಆದರೆ ಗೌರವವು ವಿಮರ್ಶೆಯನ್ನು ತಡೆಯಬೇಕಿಲ್ಲ. ಈ ಚಳವಳಿಯ ಮುಖ್ಯ ಕೊರತೆ, ಪರೀಕ್ಷೆಯ ಹೊಣೆಯನ್ನು ಅದು ಬಹುಮಟ್ಟಿಗೆ ಕೊಳ್ಳುವವನ ಕಣ್ಣಿಗೆ ಬಿಟ್ಟಿರುವುದು. ಕಣ್ಣಿಗೆ ಎಲ್ಲವೂ ಕಾಣುವುದಿಲ್ಲ. ಮರಿಗಳನ್ನು ಕೊಲ್ಲುವ ಪಾರ್ವೊ ರೋಗದ ವೈರಾಣು ದೇಹವನ್ನು ಹೊಕ್ಕ ಮೇಲೆ ರೋಗಲಕ್ಷಣ ತೋರಲು ಸಾಮಾನ್ಯವಾಗಿ ಮೂರರಿಂದ ಏಳು ದಿನ ಹಿಡಿಯುತ್ತದೆ. ಮಾರುವ ದಿನ ಚಿನ್ನಾಟವಾಡುವ ಮರಿ ಮನೆಗೆ ಬಂದ ಐದನೆಯ ದಿನ ವಾಂತಿ, ರಕ್ತಭೇದಿಗಳಿಂದ ನೆಲ ಹಿಡಿಯಬಹುದು. ತಾಯಿಹಾಲಿನಿಂದ ಬಂದ ರಕ್ಷಣೆ ಇಳಿಯುತ್ತ, ಲಸಿಕೆಯ ರಕ್ಷಣೆ ಇನ್ನೂ ಏರದಿರುವ ವಾರಗಳಲ್ಲಿಯೇ ಮರಿಗಳು ಊರಿಂದೂರಿಗೆ ಸಾಗುತ್ತವೆ. ಲಸಿಕೆಯೂ ಒಂದೇ ಸಲಕ್ಕೆ ಮುಗಿಯುವುದಲ್ಲ; ಆರೆಂಟು ವಾರಗಳಲ್ಲಿ ಆರಂಭಿಸಿ ಸುಮಾರು ಹದಿನಾರು ವಾರಗಳವರೆಗೆ ಮತ್ತೆ ಮತ್ತೆ ಹಾಕಿಸಬೇಕು. ಚಿತ್ರದಲ್ಲಿ ತೋರಿಸಿದ ತಾಯಿ ಆ ಮರಿಯ ತಾಯಿಯೇ ಎಂದು ನಿರ್ಣಯಿಸಲು ಕೊಳ್ಳುವವನಿಗೆ ಸಾಧನವಿಲ್ಲ. ಇನ್ನು ಕಾನೂನಿನ ಭಯವೋ, 1960ರ ಕಾಯ್ದೆಯಲ್ಲಿ ಪ್ರಾಣಿಹಿಂಸೆಯ ಮೊದಲ ಅಪರಾಧಕ್ಕೆ ಹತ್ತರಿಂದ ಐವತ್ತು ರೂಪಾಯಿ ದಂಡ. ಒಂದು ಮರಿಯ ಬೆಲೆಯ ಮುಂದೆ ಇದು ಯಾವ ಲೆಕ್ಕಕ್ಕೂ ಇಲ್ಲ.

ಎರಡನೆಯ ಕೊರತೆ ಕರುಣೆಗೆ ಸಂಬಂಧಿಸಿದ್ದು. ಜೈನ ಕುಟುಂಬಗಳನ್ನು ಹೆಚ್ಚು ಮುಟ್ಟುವುದೂ ಇದೇ. ಬಡಕಲಾದ ಮರಿಯ ಚಿತ್ರವನ್ನು ಕಂಡು, ಇದನ್ನಾದರೂ ಉಳಿಸೋಣವೆಂದು ಹಣ ಕೊಟ್ಟು ತರುವವರುಂಟು. ಪರ್ವದಿನಗಳಲ್ಲಿ ಹಕ್ಕಿಗಳನ್ನು ಕೊಂಡು ಬಿಡುಗಡೆ ಮಾಡುವ ಅಭಯದಾನದ ಭಾವವೇ ಇಲ್ಲಿಯೂ ಕೆಲಸ ಮಾಡುತ್ತದೆ. ಭಾವ ನಿರ್ಮಲವೇ. ಆದರೆ ಹಕ್ಕಿ ಮಾರುವವನು ಮಾರನೆಯ ದಿನ ಬಲೆಯನ್ನು ಇನ್ನಷ್ಟು ಅಗಲವಾಗಿ ಹಾಸುತ್ತಾನೆ. ಮರಿ ಮಾರುವವನು ತಾಯಿನಾಯಿಯನ್ನು ಮುಂದಿನ ಸೂಲಿಗೆ ಸಿದ್ಧಗೊಳಿಸುತ್ತಾನೆ. ಉಳಿದ ಜೀವ ಒಂದು. ಆ ಹಣದಿಂದ ಹುಟ್ಟಿಸಲ್ಪಟ್ಟು ಅದೇ ಪಂಜರವನ್ನು ಸೇರುವ ಜೀವಗಳು ನಾಲ್ಕೋ ಆರೋ. ಒಳ್ಳೆಯ ಮಾರಾಟಗಾರನನ್ನು ಹುಡುಕಿರೆಂದು ಹೇಳುವ ಚಳವಳಿ, ಕೆಟ್ಟ ಮಾರಾಟಗಾರನಿಂದ ಕರುಣೆಗಾಗಿಯೂ ಕೊಳ್ಳಬೇಡಿರೆಂಬ ಕಠಿಣ ಮಾತನ್ನು ಇನ್ನಷ್ಟು ಗಟ್ಟಿಯಾಗಿ ಹೇಳಬೇಕಾಗಿದೆ. ಅಂತಹ ಮರಿ ಕಂಡಾಗ ಪಶುವೈದ್ಯಾಧಿಕಾರಿಗೆ ಅಥವಾ ಪೊಲೀಸರಿಗೆ ದೂರು ಕೊಡುವುದು ತಡವಾದ ದಾರಿಯೆನಿಸಿದರೂ, ತಾಯಿನಾಯಿಗೂ ಬಿಡುಗಡೆ ದೊರೆಯಬಹುದಾದ ದಾರಿ ಅದೊಂದೇ.

ಮೂರನೆಯದು ಮೂಲಭೂತ ಪ್ರಶ್ನೆ. ಪಂಜರ ದೊಡ್ಡದಾದರೆ, ಸೂಲು ಕಡಿಮೆಯಾದರೆ, ಕಾಗದ ಸರಿಯಾದರೆ ಮಾರಾಟ ನಿರ್ದೋಷವಾಯಿತೆ? ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಅನರ್ಥದಂಡದ ಐದು ಬಗೆಗಳಲ್ಲಿ ಪಾಪೋಪದೇಶವನ್ನು ಹೇಳುವಾಗ ತಿರ್ಯಗ್ವಾಣಿಜ್ಯವನ್ನು, ಎಂದರೆ ಪ್ರಾಣಿಗಳ ವ್ಯಾಪಾರವನ್ನು, ಹೆಸರಿಸಿಯೇ ಹೇಳುತ್ತದೆ. ಅಲ್ಲಿ ದೋಷವೆನಿಸುವುದು ಅಂತಹ ವ್ಯಾಪಾರದ ಮಾತನ್ನು ಎತ್ತುವುದು, ಅದರ ಲಾಭವನ್ನು ಇನ್ನೊಬ್ಬನಿಗೆ ಸೂಚಿಸುವುದು. ಹೇಮಚಂದ್ರಾಚಾರ್ಯರ ಯೋಗಶಾಸ್ತ್ರವು ಶ್ರಾವಕನಿಗೆ ನಿಷಿದ್ಧವಾದ ಹದಿನೈದು ಕರ್ಮಾದಾನಗಳಲ್ಲಿ ಅಸತೀಪೋಷಣವನ್ನು ವಿವರಿಸುವಾಗ, ಹಣಕ್ಕಾಗಿ ಸಾಕುವ ಗಿಳಿ ಬೆಕ್ಕುಗಳ ಸಾಲಿನಲ್ಲಿ ನಾಯಿಯನ್ನೂ ಎಣಿಸಿದೆ. ದಿಗಂಬರ, ಶ್ವೇತಾಂಬರ ಎರಡೂ ಪರಂಪರೆಗಳ ಆಚಾರ್ಯರು ಮೊಬೈಲು ಹುಟ್ಟುವುದಕ್ಕೆ ಎಷ್ಟೋ ಶತಮಾನಗಳ ಹಿಂದೆ ಗುರುತಿಸಿದ ದೋಷವಿದು. ಆ ದೃಷ್ಟಿಯಿಂದ ನೋಡಿದರೆ ಜಾಹೀರಾತೇ ಪಾಪೋಪದೇಶ. ಸ್ವಂತಕ್ಕೆ ಮಾರದಿದ್ದರೂ, ಚೆಲುವಾದ ಮರಿಯಿದೆ, ಬೇಕಾದವರು ಈ ಸಂಖ್ಯೆಗೆ ಕರೆಮಾಡಿ ಎಂಬ ಸಂದೇಶವನ್ನು ಬಂಧುಬಳಗದ ವಾಟ್ಸಾಪ್ ಗುಂಪಿಗೆ ದಾಟಿಸುವ ಬೆರಳು ಅದರಲ್ಲಿ ಪಾಲುದಾರ. ಕೃತ, ಕಾರಿತ, ಅನುಮತ ಎಂಬ ಮೂರನ್ನೂ ಎಣಿಸಿಯೇ ಆಸ್ರವದ ಬಗೆಗಳು ನೂರೆಂಟಾದವು. ಜಪಮಾಲೆಯ ಮಣಿಗಳನ್ನು ಎಣಿಸುವವರು ಈ ಲೆಕ್ಕವನ್ನು ಮರೆಯಬಾರದು.

ಇದಕ್ಕೆ ಒಂದು ಆಕ್ಷೇಪ ಬರಬಹುದು. ಆದಿನಾಥ ತೀರ್ಥಂಕರರು ಪ್ರಜೆಗಳಿಗೆ ಬೋಧಿಸಿದ ಷಟ್ಕರ್ಮಗಳಲ್ಲಿ ವಾಣಿಜ್ಯವೂ ಸೇರಿದೆ. ಮೇಲಾಗಿ ನಾಯಿ ಸಾಕಣೆಯಿಂದಲೇ ಬದುಕುವ ಬಡವರಿದ್ದಾರೆ. ಈ ಆಕ್ಷೇಪಕ್ಕೆ ಹತ್ತಿರದಲ್ಲೇ ನಿದರ್ಶನವಿದೆ. 1997ರವರೆಗೆ ವಿಜಯಪುರ ಜಿಲ್ಲೆಗೇ ಸೇರಿದ್ದು ಈಗ ಬಾಗಲಕೋಟೆಗೆ ಸೇರಿರುವ ಮುಧೋಳದ ಬೇಟೆನಾಯಿ ಜಗತ್ಪ್ರಸಿದ್ಧ. 2005ರಲ್ಲಿ ಅದರ ಚಿತ್ರವುಳ್ಳ ಅಂಚೆಚೀಟಿ ಬಂದಿತು. ಸಮೀಪದ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನ ಕೇಂದ್ರವಿದೆ. 2020ರ ಆಗಸ್ಟಿನಲ್ಲಿ ಪ್ರಧಾನಮಂತ್ರಿಗಳು ಆಕಾಶವಾಣಿಯ ಭಾಷಣದಲ್ಲಿ ಅದನ್ನು ಹೊಗಳಿದರು. ಮುಧೋಳದ ಸುತ್ತಿನ ಹಳ್ಳಿಗಳಲ್ಲಿ ಮರಿ ಮಾರಿ ಜೀವಿಸುವ ಕುಟುಂಬಗಳಿವೆ. ಅವರನ್ನು ನಿಂದಿಸುವುದು ಜೈನ ದೃಷ್ಟಿಯಲ್ಲ. ಬಡವನ ಜೀವನೋಪಾಯದ ಹಿಂಸೆಗೂ ಉಳ್ಳವನ ಶೋಕಿಯ ಹಿಂಸೆಗೂ ಅಂತರವಿದೆ. ಅನರ್ಥದಂಡವೆಂದರೆ ಪ್ರಯೋಜನವಿಲ್ಲದೆ ತಂದುಕೊಳ್ಳುವ ಪಾಪವೆಂದೇ ಅರ್ಥ. ಹೊಟ್ಟೆಗಾಗಿ ಮಾರುವವನಿಗಿಂತ ಪ್ರತಿಷ್ಠೆಗಾಗಿ ಕೊಳ್ಳುವವನ ಮೇಲೆಯೇ ಈ ಮಾತು ಹೆಚ್ಚು ಬೀಳುತ್ತದೆ. ಅಲ್ಲದೆ, ಮೊಲವನ್ನು ಅಟ್ಟಿ ಹಿಡಿಯಲೆಂದೇ ರೂಪುಗೊಂಡ ನಾಯಿಯನ್ನು ಶ್ರಾವಕನ ಅಂಗಳಕ್ಕೆ ಅಲಂಕಾರವೆಂದು ತಂದು, ಓಡಲೂ ಬಿಡದೆ ಸರಪಳಿಯಲ್ಲಿ ಕಟ್ಟುವುದು ಎರಡು ಬಗೆಯಲ್ಲಿ ಅನುಚಿತವೆನಿಸುತ್ತದೆ.

ಸಿದ್ಧಾಂತದ ಪ್ರಕಾರ ನಾಯಿ ಸಂಜ್ಞಿ ಪಂಚೇಂದ್ರಿಯ ಜೀವ. ಸಮ್ಯಕ್ತ್ವವನ್ನು ಪಡೆದು ಐದನೆಯ ಗುಣಸ್ಥಾನದವರೆಗೆ ಏರುವ ಸಾಮರ್ಥ್ಯ ಅಂತಹ ತಿರ್ಯಂಚರಿಗೆ ಉಂಟು. ವ್ರತಿಯಾದ ಗೃಹಸ್ಥನು ನಿಲ್ಲುವ ಮೆಟ್ಟಿಲೂ ಅದೇ. ಪೆಟ್ಟುತಿಂದು ಸಾಯುತ್ತಿದ್ದ ನಾಯಿಯೊಂದರ ಕಿವಿಯಲ್ಲಿ ಜೀವಂಧರಕುಮಾರನು ಪಂಚನಮಸ್ಕಾರ ಮಂತ್ರವನ್ನು ಹೇಳಿದುದು, ಆ ಜೀವವು ಸುದರ್ಶನನೆಂಬ ಯಕ್ಷನಾಗಿ ಹುಟ್ಟಿ ಅವನಿಗೆ ನೆರವಾದುದು ಕನ್ನಡಿಗರಿಗೆ ಅಪರಿಚಿತ ಕಥೆಯಲ್ಲ. 1424ರಲ್ಲಿ ಭಾಸ್ಕರಕವಿ ಅದನ್ನು ಷಟ್ಪದಿಯಲ್ಲಿ ಕನ್ನಡಕ್ಕೆ ತಂದನು. ಆ ನಾಯಿಯ ತಳಿ ಯಾವುದೆಂದು ಕುಮಾರನು ಕೇಳಲಿಲ್ಲ.

ಹಾಗಾದರೆ ಸ್ವಯಂಸೇವಕರ ಚಳವಳಿಯನ್ನು ಜೈನ ಸಮಾಜ ಹೇಗೆ ಕಾಣಬೇಕು? ಮಹಾವ್ರತಕ್ಕೆ ಏರಲಾರದವನಿಗೆ ಅಣುವ್ರತವನ್ನು ಕೊಟ್ಟ ಧರ್ಮವು ಸ್ವಲ್ಪ ಸುಧಾರಣೆಯನ್ನು ಅಲ್ಪವೆಂದು ತಳ್ಳಿಹಾಕಲಾರದು. ಎಂಟು ವಾರದ ನಿಯಮದಿಂದ ಒಂದು ಮರಿ ತಾಯ ಬಳಿ ನಾಲ್ಕು ವಾರ ಹೆಚ್ಚು ಇದ್ದರೆ ಅದು ನಿಜವಾದ ಉಪಶಮನ. ಆದರೆ ಅಣುವ್ರತವು ಮಹಾವ್ರತದ ಕಡೆಗೆ ಮುಖಮಾಡಿದಾಗಲೇ ವ್ರತವೆನಿಸುತ್ತದೆ. ಮಾರಾಟದ ಸುಧಾರಣೆಯೂ ಮಾರಾಟದ ಕ್ಷಯದ ಕಡೆಗೆ ಮುಖಮಾಡಿರಬೇಕು. ಇಲ್ಲವಾದರೆ ನೋಂದಣಿಸಂಖ್ಯೆಯು ವ್ಯಾಪಾರಕ್ಕೆ ದೊರೆತ ಮರ್ಯಾದೆಯ ಮುದ್ರೆಯಾಗಿ ಉಳಿಯುತ್ತದೆ.

ಇದು ಕುಟುಂಬಗಳಿಂದಲೂ ಬಸದಿಗಳ ಆಡಳಿತ ಮಂಡಳಿಗಳಿಂದಲೂ ಸಾಧ್ಯವಾಗುವ ಕಾರ್ಯ. ನಾಯಿ ಬೇಕಾದ ಮನೆ ಹಣಕೊಟ್ಟು ತರದೆ, ಅನಾಥವಾದ ಊರಮರಿಯನ್ನೋ ಆಶ್ರಯಧಾಮದ ನಾಯಿಯನ್ನೋ ಸ್ವೀಕರಿಸಬಹುದು. ಪರಿಗ್ರಹ ಪರಿಮಾಣವನ್ನು ಬರೆದಿಡುವ ವ್ರತಿಕರು ಪ್ರಾಣಿಯನ್ನು ಕೊಳ್ಳುವುದಿಲ್ಲ, ಮಾರುವುದಿಲ್ಲ, ಮಾರಾಟದ ಸಂದೇಶವನ್ನು ದಾಟಿಸುವುದಿಲ್ಲ ಎಂಬ ನಿಯಮವನ್ನು ಅದರಲ್ಲಿ ಸೇರಿಸಬಹುದು. ದಶಲಕ್ಷಣ ಪರ್ವದಲ್ಲಿ ಜೀವದಯೆಗೆಂದು ಸಂಗ್ರಹವಾಗುವ ಹಣದ ಒಂದು ಭಾಗವನ್ನು ಬೀದಿನಾಯಿಗಳ ಲಸಿಕೆಗೂ ಸಂತಾನಹರಣ ಚಿಕಿತ್ಸೆಗೂ ಬಸದಿಗಳು ಮೀಸಲಿಡಬಹುದು. ಬಸದಿಯ ಆವರಣದಲ್ಲಿ, ಸಮಾಜದ ಪತ್ರಿಕೆಗಳಲ್ಲಿ, ಬಳಗದ ಗುಂಪುಗಳಲ್ಲಿ ಇಂತಹ ಜಾಹೀರಾತಿಗೆ ಎಡೆ ಕೊಡಬಾರದೆಂಬ ಠರಾವು ಒಂದು ಸಭೆಯಲ್ಲಿ ಆಗುವ ಕೆಲಸ. ಇಷ್ಟು ಆದರೆ ಸ್ವಯಂಸೇವಕರಿಗೆ ತಾಂಬಾದಂತಹ ಊರುಗಳಲ್ಲಿಯೂ ಜೊತೆಗಾರರು ದೊರೆತಾರು.