ಡಾರ್ನಿಯರ್ ಎಲ್ಲಿ ಹುಡುಕಬೇಕು?

ಮೀನುಗಾರಿಕಾ ದೋಣಿ ಕಾಣೆಯಾದಾಗಲೆಲ್ಲ ದಡದಲ್ಲಿ ಏಳುವ ಮೊದಲ ಕೂಗು ‘ವಿಮಾನ ಕಳಿಸಿ’. ಕಳಿಸುತ್ತಾರೆ ಕೂಡ. ಕೋಸ್ಟ್ ಗಾರ್ಡ್‌ನ ಡಾರ್ನಿಯರ್ 228 ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಕಾನ್ಪುರದ ಎಚ್‌ಎಎಲ್‌ನಲ್ಲಿ ತಯಾರಾಗುವ ಇದರ ರೆಕ್ಕೆ ಮೇಲ್ಗಡೆ ಇರುವುದರಿಂದ ಕಿಟಕಿಯಲ್ಲಿ ಕೂತವನಿಗೆ ಕೆಳಗಿನ ನೀರು ಮರೆಯಾಗುವುದಿಲ್ಲ. ಹೊಟ್ಟೆಯಡಿ ರೇಡಾರ್ ಇದೆ, ತಗ್ಗಿನಲ್ಲಿ ನಿಧಾನವಾಗಿ ಗಸ್ತು ಹೊಡೆಯುತ್ತದೆ. ನನ್ನ ತಕರಾರು ವಿಮಾನದ ಮೇಲಲ್ಲ, ಅದರ ಮೇಲೆ ನಾವು ಹೊರಿಸಿದ ಭರವಸೆಯ ಮೇಲೆ.

2018ರ ಸೆಪ್ಟೆಂಬರ್‌ನಲ್ಲಿ ನೌಕಾಪಡೆಯ ಕಮಾಂಡರ್ ಅಭಿಲಾಷ್ ಟೋಮಿ ಒಂಟಿಯಾಗಿ ಭೂಪ್ರದಕ್ಷಿಣೆಗೆ ಹೊರಟಿದ್ದ ಹಾಯಿದೋಣಿ ‘ತುರೀಯ’ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗೆ ಸಿಕ್ಕಿತು. ಹಾಯಿಕಂಬ ಮುರಿಯಿತು, ಅವರ ಬೆನ್ನಿಗೆ ಪೆಟ್ಟು ಬಿತ್ತು. ಮಾರಿಷಸ್‌ನಿಂದ ಹಾರಿದ ನೌಕಾಪಡೆಯ ಪಿ-8ಐ ವಿಮಾನ ಅಲೆಗಳ ನಡುವೆ ಹೊಯ್ದಾಡುತ್ತಿದ್ದ ಆ ದೋಣಿಯನ್ನು ಪತ್ತೆಹಚ್ಚಿತು. ಮೇಲೇಳಲಾಗದ ಟೋಮಿ ಬೀಕನ್ ಒತ್ತಿ, ಬದುಕಿದ್ದೇನೆಂದು ತಿಳಿಸಿದರು. ಅವರನ್ನು ಮೇಲೆತ್ತಿದ್ದು ಮಾತ್ರ ಫ್ರಾನ್ಸಿನ ‘ಒಸಿರಿಸ್’ ಹಡಗು. ವಿಮಾನ ಕಂಡುಹಿಡಿಯುತ್ತದೆ, ಎತ್ತಿಕೊಳ್ಳುವುದಿಲ್ಲ. ಟಿವಿಯವರು ಇದನ್ನು ಮರೆಯುತ್ತಾರೆ.

ಅದೇ ವರ್ಷದ ಡಿಸೆಂಬರ್‌ನಲ್ಲಿ ಮಲ್ಪೆಯ ‘ಸುವರ್ಣ ತ್ರಿಭುಜ’ ಬೋಟು ಏಳು ಮೀನುಗಾರರೊಂದಿಗೆ ಮಹಾರಾಷ್ಟ್ರದ ಕಡಲಲ್ಲಿ ಸಂಪರ್ಕ ಕಡಿದುಕೊಂಡಿತು. ಆಳಸಮುದ್ರಕ್ಕೆ ಹೋದ ಬೋಟು ಹತ್ತು ದಿನ ಬಾರದಿದ್ದರೂ ಮನೆಯವರಿಗೆ ಅದು ಹೊಸದಲ್ಲ. ಹೀಗಾಗಿ ಗಾಬರಿ ಬಿದ್ದು ದೂರು ಕೊಡುವಷ್ಟರಲ್ಲಿ ದಿನಗಳು ಕಳೆದಿದ್ದವು. ಲೆಕ್ಕ ಸರಳ: ಗಂಟೆಗೆ ಎರಡು ಕಿಲೋಮೀಟರ್ ತೇಲಿದರೂ ದಿನಕ್ಕೆ 48, ದಿಕ್ಕು ಗೊತ್ತಿಲ್ಲದಿದ್ದರೆ ಹುಡುಕಬೇಕಾದ ನೀರು ಎರಡನೇ ದಿನಕ್ಕೆ ನಾಲ್ಕು ಪಟ್ಟು, ಮೂರನೇ ದಿನಕ್ಕೆ ಒಂಬತ್ತು ಪಟ್ಟು. ಹಡಗು, ಹೆಲಿಕಾಪ್ಟರ್, ಡಾರ್ನಿಯರ್ ಎಲ್ಲ ಹುಡುಕಿದವು. ಕೊನೆಗೆ 2019ರ ಮೇನಲ್ಲಿ ‘ಐಎನ್‌ಎಸ್ ನಿರೀಕ್ಷಕ್’ ಮಾಲ್ವಣದಾಚೆ ಸಮುದ್ರದ ತಳದಲ್ಲಿ ಅವಶೇಷ ಕಂಡಿತು. ಮುಳುಗಿದ ಬೋಟನ್ನು ಆಕಾಶದಿಂದ ಯಾರು ಕಾಣಬಲ್ಲರು?

ಎರಡೂ ಕಡೆ ವಿಮಾನದವರ ಶ್ರದ್ಧೆ ಒಂದೇ. ಒಂದು ಕಡೆ ಜಾಗ ಗೊತ್ತಿತ್ತು, ಇನ್ನೊಂದು ಕಡೆ ಇರಲಿಲ್ಲ. ಅಪಾಯದಲ್ಲಿ ಗುಂಡಿ ಒತ್ತಿದರೆ ಉಪಗ್ರಹದ ಮೂಲಕ ಬೆಂಗಳೂರಿನ ಕೇಂದ್ರಕ್ಕೆ ಜಾಗ ತಿಳಿಸುವ ‘ಡ್ಯಾಟ್’ ಉಪಕರಣವನ್ನು ಇಸ್ರೊ ಎಂದೋ ರೂಪಿಸಿದೆ. 2024ರಲ್ಲಿ ಬಂದ ಎರಡನೇ ತಲೆಮಾರಿನದು ‘ಸಂದೇಶ ತಲುಪಿದೆ’ ಎಂದು ದೋಣಿಗೆ ಉತ್ತರವನ್ನೂ ಕೊಡುತ್ತದೆ. ಹೊಸ ವಿಮಾನಕ್ಕಾಗಿ ಮನವಿ ಕೊಡುವ ನಮ್ಮ ಜನಪ್ರತಿನಿಧಿಗಳು, ಜೂನ್-ಜುಲೈ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ಕಡಲಿಗಿಳಿಯುವ ಮುನ್ನ ಒಂದೊಂದರಲ್ಲೂ ಡ್ಯಾಟ್ ಚಾಲೂ ಇದೆಯೇ ಎಂದು ಮಲ್ಪೆ ಬಂದರಿನಲ್ಲಿ ನಿಂತು ನೋಡಲಿ.